ಹೋಳಿಗೆಯ ಗಾಳ, ಕುಂಕುಮದ ಬಂದೂಕು

ಬರ್ರಿ, ಇಲ್ಲೇ ಕಿಟಕಿ ಹತ್ತಿರ ಕೂಡ್ರಿ. ಕೋಟು ತೆಗೆದು ಆ ಕುರ್ಚಿಗೆ ಹಾಕ್ರಿ, ಕಾಲು ಚಾಚ್ರಿ, ಚಹಾ ಕೈಗೆ ತೊಗೊಳ್ರಿ. ನಾನು ಹೇಳುವ ಮಂದಿ ಯಾರೂ ಒಂದು ಕಡೆ ಕೂತವರಲ್ಲ. ಕೇಳುವವರಾದರೂ ಕೂಡಬೇಕಲ್ಲ! ಒಬ್ಬೊಬ್ಬರ ಮನೆಯಲ್ಲಿ ವರ್ಷಕ್ಕೊಮ್ಮೆ ಏನಾದರೂ ಫಜೀತಿ ಆಗುತ್ತದೆ, ಅದನ್ನೇ ಹತ್ತು ವರ್ಷ ಹೇಳಿಕೊಂಡು ನಗುತ್ತಾರೆ. ನಮ್ಮ ಮನೆಯಲ್ಲಿ ಹಳೆಯದನ್ನು ಹೇಳಿ ಮುಗಿಸುವುದರೊಳಗೆ ಹೊಸದು ಬಾಗಿಲಿಗೆ ಬಂದು ನಿಂತಿರುತ್ತದೆ.

೧. ಬಿಳಿ ಡಬ್ಬಿಗಳು

ನಮ್ಮ ಮನೆಯವರು ಕಾರು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ದಿನಾ ಪಕ್ಕದ ಊರು ಓಕ್‌ವಿಲ್‌ಗೆ ಹೋಗಿ ಬರುತ್ತಿದ್ದರು, ನಾನು ಮನೆಯಲ್ಲಿ ಆರಾಮಾಗಿದ್ದೆ. ರಿಟೈರ್ ಆದ ಮರುದಿನದಿಂದ ಈ ಪರದೇಶದ ಮಿಸಿಸಾಗ ಊರಿನ ನಮ್ಮ ಮನೆಯೇ ಕಾರ್ಖಾನೆ ಆಯಿತು, ನಾವೆಲ್ಲ ಅದರ ಕೂಲಿಯವರಾದೆವು. ಮೇಲೆ ಹತ್ತುವುದು, ಬೇಸ್‌ಮೆಂಟಿಗೆ ಇಳಿಯುವುದು, ಜೇಬಿನಲ್ಲಿ ಕಾರಿನ ಕೀಲಿಕೈ ಝಣಝಣ ಅನ್ನಿಸುವುದು, ಮತ್ತೆ ಮೇಲೆ ಹತ್ತುವುದು. ಸೊಸೆ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾಳೆ. ಅವಳು ಮೀಟಿಂಗಿನಲ್ಲಿ ಮಾತಾಡುವಾಗ ಹಿಂದೆ ಇವರು ಏಣಿ ಹೊತ್ತುಕೊಂಡು ಆಚೆ ಒಮ್ಮೆ, ಈಚೆ ಒಮ್ಮೆ. ಇಷ್ಟು ದಿನ ಆಯಿತು, ನಿಮ್ಮ ಮನೆ ರಿಪೇರಿ ಇನ್ನೂ ಮುಗಿದಿಲ್ಲವೇ ಅಂತ ಅವಳ ಸಾಹೇಬ ಕೇಳಿದನಂತೆ.

ಒಂದು ದಿನ ನನ್ನ ಅಡಿಗೆಮನೆಗೆ ಬಂದರು. "ಏನಿದು, ಒಂದು ಡಬ್ಬಿ ಕಾಫಿದು, ಒಂದು ಬಿಸ್ಕೀಟಿಂದು. ಇಲ್ಲಿ ಸಿಸ್ಟಮ್ಮೇ ಇಲ್ಲ" ಅಂದರು. ನಾನು ದೇವಸ್ಥಾನಕ್ಕೆ ಹೋಗಿ ಬರುವುದರೊಳಗೆ ಎಲ್ಲವನ್ನೂ ಒಂದೇ ನಮೂನೆ ಬಿಳಿ ಡಬ್ಬಿಗೆ ಸುರಿದು, ಇಂಗ್ಲಿಷಿನಲ್ಲಿ ಹೆಸರು ಅಂಟಿಸಿ, ಸಾಲಾಗಿ ನಿಲ್ಲಿಸಿದ್ದರು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡ ಅಕ್ಷರವೇ ನನ್ನನ್ನು ಗುರುತು ಹಿಡಿಯುವುದಿಲ್ಲ, ಇನ್ನು ಇಂಗ್ಲಿಷೇ? ಕೈಗೆ ಬಂದ ಡಬ್ಬಿ ತೆಗೆದು ಸಾರು ಮಾಡಿದೆ.

ಮೊದಲ ತುತ್ತಿಗೇ ಇವರು ಮುಖ ಕಿವುಚಿದರು. "ಏನ ಇದು, ಸಾರಿಗೆ ಸಕ್ಕರಿ ಹಾಕೀ?"

ನಾನು ಉಪ್ಪಿನ ಡಬ್ಬಿ ಯಾವುದು ಅಂತ ಸೊಸೆಯನ್ನು ಕೇಳಿ, ತಂದು ಇವರ ತಾಟಿನ ಪಕ್ಕ ಇಟ್ಟೆ. "ಇದನ್ನ ಓದ್ಕೋತ ಉಣ್ರಿ. ಉಪ್ಪು ಹತ್ತತೈತಿ."

೨. ಬಲೂನಿನ ಕುರ್ಚಿ

ಸಾರಿನ ಮಾತು ಮಗನ ಕಿವಿಗೆ ಬಿತ್ತು. "ಅವ್ವಾ, ಅಪ್ಪನ್ನ ಹಿರಿಯರ ಕೇಂದ್ರಕ್ಕ ಸೇರಸೋಣು. ವ್ಯಾನು ಮನಿಗೇ ಬರತೈತಿ. ಅಲ್ಲಿ ಟೈಮ್‌ಪಾಸ್ ಆಗತೈತಿ" ಅಂದ. ಒಂದು ದಿನ ನಮ್ಮಿಬ್ಬರನ್ನೂ ನೋಡಲಿಕ್ಕೆ ಕರೆದುಕೊಂಡು ಹೋದ. ಮುದುಕರು ಮುದುಕಿಯರು ಸುತ್ತಲೂ ಕುರ್ಚಿಯ ಮೇಲೆ ಕೂತಿದ್ದರು. ನಡುವೆ ಒಬ್ಬ ಹುಡುಗಿ ನಿಂತು ಹಳದಿ ಬಲೂನು ತೂರುತ್ತಿದ್ದಳು. ಯಾರ ಹತ್ತಿರ ಬರುತ್ತದೋ ಅವರು ಕೂತಲ್ಲಿಂದಲೇ ಅದನ್ನು ಹೊಡೆಯಬೇಕು. ನನಗೇನೋ ಚಲೋ ಅನ್ನಿಸಿತು. ಇವರ ಮುಖ ಮಾತ್ರ ಬೂದಿ ಬಡಿದುಕೊಂಡಂತಾಯಿತು.

ಮನೆಗೆ ಬಂದು ಬೂಟು ಸಹಿತ ಬಿಚ್ಚಲಿಲ್ಲ. "ಕಾರ್ಖಾನ್ಯಾಗ ಇಡೀ ಲೈನು ನಡಿಸಿದವ ನಾ, ಈಗ ಕುಂತು ಬಲೂನು ಹೊಡೀಲೇನು? ಆ ಕುರ್ಚಿ ಮ್ಯಾಲೆ ಕುಂತರ ನಾ ಮತ್ತ ಏಳೂದಿಲ್ಲ ನೋಡು" ಅಂದರು. ನಗಲಿಕ್ಕೆ ಹೋದವಳು ಇವರ ಮುಖ ನೋಡಿದೆ. ಅಷ್ಟು ವರ್ಷದ ಸಂಸಾರದಲ್ಲಿ ಇವರ ಕಣ್ಣಲ್ಲಿ ಅಂಥ ಅಂಜಿಕೆ ನಾನು ಕಂಡಿರಲಿಲ್ಲ.

ಮಗನೂ ಕೆಟ್ಟವನಲ್ಲ. "ಸದ್ಯ ಅಲ್ಲಿ ಜಾಗಾ ಇಲ್ಲ. ಒಂದು ಕುರ್ಚಿ ಖಾಲಿ ಆದ ಕೂಡ್ಲೆ ಫೋನ್ ಮಾಡ್ತಾರ. ಅಷ್ಟರಾಗ ನಿಮಗ ಕಾಯಂ ಹೋಗೋ ಜಾಗಾ ಒಂದು ಸಿಕ್ಕರ ನಾ ಮಾತೇ ಆಡೂದಿಲ್ಲ" ಅಂದ.

ಇವರು ಕಾರ್ಖಾನೆಯ ಹಳೇ ಗೆಳೆಯನಿಗೆ ಫೋನು ಹಚ್ಚಿದರು. ಅವರದು ವಿಟ್ಬಿ ಊರಿನಿಂದ ಉತ್ತರಕ್ಕೆ, ಅಪ್ಪನ ಕಾಲದ ಹುಲ್ಲುಗಾವಲು, ದನ, ಒಂದು ಕೆರೆ. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಅವರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅಷ್ಟು ಹೊಲ, ಅಷ್ಟು ದನ, ಅಂಥ ಮೀಸೆ ಇದ್ದವರನ್ನು ನಮ್ಮ ಕಡೆ ಗೌಡರು ಅನ್ನುತ್ತಾರೆ, ನಾನೂ ಗೌಡರು ಅಂದೆ. ಅವರಾಡುವುದು ಇಂಗ್ಲಿಷು. ನಮ್ಮವರು ತಿಳಿಸಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಗೌಡರು ಕೇಳಿದರಂತೆ, "ನಿನಗ ಮೀನು ಹಿಡಿಯಾಕ ಬರತೈತೇನು?"

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆತನ ನಮ್ಮದು. ಬಲೂನು ಕಣ್ಣ ಮುಂದೆ ತೇಲಿದ್ದೇ ತಡ, ಇವರು ಅಂದರು, "ಬರದ ಏನು? ಹುಟ್ಟಿದಾಗಿಂದ ಹಿಡೀತೀನಿ!"

೩. ಅರಿಶಿನ ಹಚ್ಚಿದ ಮೀನು

ಹೋದರು ಸರಿ, ಎರೆಹುಳ ಮುಟ್ಟಲಿಕ್ಕೆ ಆಗಬೇಕಲ್ಲ? ಗೌಡರು ಡಬ್ಬಿ ಮುಂದೆ ಹಿಡಿದರೆ ಇವರು ಹಿಂದೆ ಸರಿದರಂತೆ. ಅದು ಬಸವ ಜಯಂತಿಯ ಮರುದಿನ. ಬುತ್ತಿಯಲ್ಲಿ ನಾನು ಕಟ್ಟಿಕೊಟ್ಟ ಹೋಳಿಗೆ ಇತ್ತು. ಒಂದು ಚೂರು ಮುರಿದು, ಹೂರಣ ಸಮೇತ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದರು. ಆ ಕಡೆ ಗೌಡರು ಎರೆಹುಳ ಹಾಕಿ ಮುಂಜಾನೆಯಿಂದ ನೀರು ನೋಡುತ್ತಲೇ ಇದ್ದಾರೆ. ಈ ಕಡೆ ಇವರ ಗಾಳಕ್ಕೆ ದೊಡ್ಡ ದೊಡ್ಡ ಕಾರ್ಪ್ ಮೀನು, ಒಂದರ ಹಿಂದೊಂದು, ಮದುವೆಯ ಪಂಕ್ತಿಗೆ ಬಂದ ಹಾಗೆ ಬಂದವು.

ಹಿಡಿದ ಮೀನನ್ನು ತಿನ್ನುವಂತಿಲ್ಲ, ತಿರುಗಿ ನೀರಿಗೇ ಬಿಡಬೇಕು. ಆದರೆ ಅದರ ತುಟಿಗೆ ಗಾಳ ಚುಚ್ಚಿದೆಯಲ್ಲ? ಕೈಗೆ ಗಾಯವಾದರೆ ಇರಲಿ ಅಂತ ನಾನು ಕೊಟ್ಟಿದ್ದ ಅರಿಶಿನದ ಪೊಟ್ಟಣವನ್ನು ಇವರು ಜೇಬಿನಿಂದ ತೆಗೆದರು. ಒಂದೊಂದು ಮೀನನ್ನೂ ಕೂಸಿನ ಹಾಗೆ ಹಿಡಿದು, "ತಪ್ಪಾತವ್ವಾ, ಹೋಗಿ ಬಾ" ಅಂತ ತುಟಿಗೆ ಅರಿಶಿನ ಮೆತ್ತಿ ಬಿಟ್ಟರು. ಮುಂದಿನ ವಾರ ಗೌಡರ ಗಾಳಕ್ಕೆ ಕಡೆಗೂ ಒಂದು ಮೀನು ಬಿತ್ತು. ಅದರ ಬಾಯಿ ಹಳದಿ ಇತ್ತಂತೆ. "ಇದು ನಿನ್ನ ಪೈಕಿ" ಅಂತ ಅವರೇ ನೀರಿಗೆ ಬಿಟ್ಟರು.

ಅವತ್ತೂ ಬುತ್ತಿಯಲ್ಲಿ ಹೋಳಿಗೆ ಇತ್ತು, ಗೌಡರಿಗೆ ತಡೆಯಲಾಗಲಿಲ್ಲ. "ಅದರಾಗ ಅಂಥಾದ್ದೇನೈತಿ, ತಾ ನೋಡೋಣು" ಅಂದು ಒಂದು ಹೋಳಿಗೆ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಕೇಳಿದರು. ಸಂಜೆ ಇವರು ಖಾಲಿ ಬುತ್ತಿ ಹಿಡಿದು ಬಂದಾಗ ನಾನು ಕೇಳಿದೆ, "ಇವತ್ತು ಏನು ಬಿತ್ರಿ ಗಾಳಕ್ಕ?"

"ಗೌಡ್ರು" ಅಂದರು.

೪. ಬಂದೂಕಿನ ಹಣೆ

ಹೋಳಿಗೆ ತಿಂದಮೇಲೆ ಗೌಡರಿಗೆ ಇವರ ಮೇಲೆ ಪೂರಾ ಭರವಸೆ ಬಂತು. ಅವರ ಹುಲ್ಲುಗಾವಲಿನಲ್ಲಿ ಗ್ರೌಂಡ್‌ಹಾಗ್ ಅನ್ನುವ ಪ್ರಾಣಿಯ ಕಾಟ. ನಮ್ಮ ಹೆಗ್ಗಣಕ್ಕೆ ಚಳಿಗಾಲದ ಕೋಟು ತೊಡಿಸಿದರೆ ಹೇಗಿರುತ್ತದೋ ಹಾಗಿರುತ್ತದೆ. ನಾನು ಹೆಗ್ಗಣ ಅಂತಲೇ ಕರೆಯುತ್ತೇನೆ. ಅದು ತೋಡಿದ ಬಿಲದಲ್ಲಿ ದನ ಕಾಲಿಟ್ಟರೆ ಕಾಲು ಮುರಿಯುತ್ತದೆ. "ನನ್ನ ಕಣ್ಣಿಗೆ ಪೊರೆ ಬಂದೈತಿ. ನೀ ಬಂದೂಕು ಕಲಿ, ಅವನ್ನ ಹೊಡಿ. ಬ್ಯಾಸಿಗಿ ಮುಗಿಯೋತನಕಾ ದಿನಾ ಬಾ" ಅಂದರು.

ದಿನಾ ಬಾ! ಇವರಿಗೆ ಅಷ್ಟೇ ಕೇಳಿಸಿತು. ಬಂದೂಕಿನ ಲೈಸೆನ್ಸಿನ ಕ್ಲಾಸಿಗೆ ಹೋದರು, ಪರೀಕ್ಷೆ ಪಾಸಾದರು, ಬಂದೂಕು ಕೊಂಡರು. "ಮನ್ಯಾಗ ಗನ್ ಬಂದ್ರ ನಾ ತವರಿಗೆ ಹೋಗ್ತೀನಿ" ಅಂತ ಸೊಸೆ ಅಂದದ್ದಕ್ಕೆ ಬಂದೂಕನ್ನು ಗೌಡರ ಮನೆಯ ಬೀಗದ ಕಪಾಟಿನಲ್ಲೇ ಇಟ್ಟರು.

ಹೊಸ ಆಯುಧ. ಪೂಜೆ ಮಾಡದೆ ಮುಟ್ಟುವುದುಂಟೇ? ನಾನೂ ಜೊತೆಗೆ ಹೋದೆ. ಹೂ ಏರಿಸಿದೆ, ಊದುಬತ್ತಿ ಬೆಳಗಿದೆ. ಕುಂಕುಮ ಹಚ್ಚಬೇಕು, ಹಣೆ ಎಲ್ಲಿ ಅಂತ ಹುಡುಕಿದೆ. ಮೇಲೊಂದು ದುರ್ಬೀನು ಕೂಡಿಸಿದ್ದರು, ಅದರ ತುದಿಯಲ್ಲಿ ದುಂಡನೆಯ ಗಾಜು ಹೊಳೆಯುತ್ತಿತ್ತು. ಇದೇ ಹಣೆ ಇರಬೇಕೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದೊಡ್ಡದಾಗಿ ಹಚ್ಚಿದೆ.

ಇವರು ಹುಲ್ಲಿನಲ್ಲಿ ಮಲಗಿ ಗುರಿ ಹಿಡಿದರು. ಹಿಡಿದವರೇ ಕೂಗಿದರು, "ಅಯ್ಯಯ್ಯೋ, ಬಿತ್ತು! ಮೈಯೆಲ್ಲಾ ರಕ್ತ ಆಗೈತಿ!"

ಗೌಡರು ನಿಧಾನಕ್ಕೆ ಹೇಳಿದರು, "ಇನ್ನೂ ಗುಂಡು ನನ್ನ ಜೇಬಿನಾಗ ಅದಾವು."

೫. ನರಿಯ ಕಾಟ

ಆ ಬೇಸಿಗೆ ಇವರು ಮನೆಯಲ್ಲಿ ನಿಲ್ಲಲಿಲ್ಲ. ಹೊತ್ತು ಹುಟ್ಟುವುದರೊಳಗೆ ಕೀಲಿಕೈ ಝಣಝಣ. ದಿನಾ ಸಂಜೆ ಗೌಡರ ಪ್ರಶ್ನೆ, "ಎಷ್ಟು ಬಿದ್ದುವು?" ಇವರ ಉತ್ತರ, "ಒಂದು ಬಿತ್ತು." "ಸತ್ತದ್ದು ಎಲ್ಲಿ?" "ನರಿ ಒಯ್ತು ನೋಡ್ರಿ."

ನನಗೆ ಅನುಮಾನ. ಬುತ್ತಿಗೆ ಈಚೆಗೆ ಎರಡು ಚಪಾತಿ ಹೆಚ್ಚು ಕೇಳುತ್ತಿದ್ದರು, ಅದೂ ತುಪ್ಪ ಹಚ್ಚಿ. ಒಂದು ದಿನ ಮತ್ತೆ ಜೊತೆಗೆ ಹೋಗಿ ಹಿಂದೆಯೇ ಕೂತೆ. ಬಿಲದಿಂದ ಹೆಗ್ಗಣ ಹೊರಗೆ ಬಂತು. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿತು. ಮುಂಗಾಲು ಎರಡನ್ನೂ ಎದೆಗೆ ಜೋಡಿಸಿಕೊಂಡು ಇವರನ್ನೇ ನೋಡಿತು. ಇವರು ಬಂದೂಕು ಪಕ್ಕಕ್ಕೆ ತಿರುಗಿಸಿ ಮಣ್ಣಿನ ದಿಬ್ಬಕ್ಕೆ ಢಂ ಅನ್ನಿಸಿದರು. ಒಂದು ಹೆಂಟೆ ಉರುಳಿತು.

"ಒಂದು ಬಿತ್ತು" ಅಂದರು.

"ಏನ್ರೀ ಇದು!" ಅಂದೆ.

"ಕೈ ಮುಗದು ನಿಂತೈತಿ ನೋಡು. ನಮಸ್ಕಾರ ಮಾಡಿದವರಿಗೆ ಹೆಂಗ ಹೊಡೀಲಿ?" ಅಂದು, ಬುತ್ತಿ ಬಿಚ್ಚಿ ಒಂದು ಚಪಾತಿ ಎಸೆದರು. ಆ ಹೆಗ್ಗಣ ಎಷ್ಟು ದಪ್ಪ ಆಗಿತ್ತೆಂದರೆ ತನ್ನ ಬಿಲದಲ್ಲಿ ತಾನೇ ಹಿಡಿಸುತ್ತಿರಲಿಲ್ಲ.

"ಗೌಡ್ರಿಗೆ ಖರೇ ಹೇಳಿಬಿಡ್ರಿ."

"ಹೇಳಿದ್ರ ಬರಬ್ಯಾಡ ಅಂತಾರ. ಆಮ್ಯಾಲೆ ಬಲೂನು."

ಅವತ್ತು ಸಂಜೆ ಗೌಡರು ಬಹಳ ಹೊತ್ತು ಮೀಸೆ ತಿರುವಿದರು. "ಹೆಗ್ಗಣ ಇರಲಿ. ಈ ನರಿ ಕಾಟನ ಭಾಳ ಆತು. ನಾಳಿಂದ ನರಿ ಕಾಯಿ" ಅಂದರು.

೬. ಗೌಡರ ಜೇಬು

ಆಮೇಲೆ ಎರಡೂ ಕಡೆಯಿಂದ ಪೇಚು ಬಂತು ನೋಡ್ರಿ. ಗೌಡರ ಗಬ್ಬದ ಆಕಳು ಬಿಲದಲ್ಲಿ ಕಾಲಿಟ್ಟು ಮುಗ್ಗರಿಸಿತು. ಕಾಲು ಉಳಿದದ್ದೇ ಪುಣ್ಯ. "ನಾಳೆ ನಿನ್ನ ಪಕ್ಕ ನಾ ಕೂಡ್ತೀನಿ. ನನ್ನ ಮುಂದ ಹೊಡಿ. ಆಗೂದಿಲ್ಲಂದ್ರ ಬ್ಯಾರೆ ಮಂದೀನ ಕರಸ್ತೀನಿ" ಅಂದರು. ಅದೇ ದಿನ ಮಗ ಹೇಳಿದ, "ಅಪ್ಪಾ, ಸೆಂಟರಿನಿಂದ ಫೋನ್ ಬಂದಿತ್ತು. ಕುರ್ಚಿ ಖಾಲಿ ಆಗೈತಿ. ನಾಳೆ ಸಂಜೀದೊಳಗ ಹೂಂ ಅನ್ನಬೇಕು."

ಇವರು ಉಣ್ಣಲಿಲ್ಲ. ಬೆಳಿಗ್ಗೆ ನಾನೂ ಕಾರು ಹತ್ತಿದೆ. ಬೇಡ ಅನ್ನಲಿಲ್ಲ. ಹೆದ್ದಾರಿ ತುಂಬ ಲಾರಿ, ಇವರ ಬೆರಳು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಲೇ ಇತ್ತು.

ಹುಲ್ಲಿನಲ್ಲಿ ಇಬ್ಬರೂ ಮುದುಕರು ಉರುಳಿ ಬಿದ್ದ ಮರದ ಹಿಂದೆ ಕೂತರು, ನಾನು ಅವರ ಬೆನ್ನಿಗೆ. ಹೆಗ್ಗಣ ತಲೆ ಹೊರಗೆ ಹಾಕಿತು. ಬಂದೂಕು ಕಂಡ ಪ್ರಾಣಿ ಓಡಬೇಕೋ ಬೇಡವೋ? ಇದು ಓಡಲಿಲ್ಲ. ಕುಲುಕುತ್ತ ನೇರ ನಮ್ಮ ಕಡೆಗೇ ಬಂತು. ಬಂದೂಕಿನ ಮೂತಿಯ ಮುಂದೆ ನೆಟ್ಟಗೆ ನಿಂತು ಕೈ ಮುಗಿಯಿತು.

"ಹೊಡಿ" ಅಂದರು ಗೌಡರು, ಮೆತ್ತಗೆ.

ಇವರು ಬಂದೂಕು ಕೆಳಗಿಟ್ಟರು. "ಗೌಡ್ರ, ನನ್ನ ಕೈಲಿ ಆಗೂದಿಲ್ಲ. ಒಂದೂ ಹೊಡದಿಲ್ಲ. ನರೀನೂ ಇಲ್ಲ, ಏನೂ ಇಲ್ಲ. ನಾ ಹೋಗ್ತೀನಿ" ಅಂದರು. ಹೆಗ್ಗಣಕ್ಕೆ ಈ ಮಾತೆಲ್ಲ ಯಾಕೆ? ಅದು ಇವರ ಬುತ್ತಿಯ ಚೀಲಕ್ಕೆ ಬಾಯಿ ಹಾಕಿ ಚಪಾತಿ ಎಳೆಯತೊಡಗಿತು.

ಗೌಡರು ಉಸಿರು ಬಿಟ್ಟರು. ಕೋಟಿನ ಜೇಬಿಗೆ ಕೈ ಹಾಕಿದರು. ಹೊರಗೆ ತೆಗೆದದ್ದು ಗುಂಡಲ್ಲ, ಗಜ್ಜರಿ! ಸಣ್ಣಗೆ ಹೆಚ್ಚಿದ ಗಜ್ಜರಿ. "ನಾನೂ ದಿನಾ ಸಂಜೀಕ ಇದಕ್ಕ ಹಾಕ್ತೀನಿ. ನನ್ನ ಕೈಲಿ ಆಗಲಿಲ್ಲಂತ ನಿನ್ನ ಕರದೆ. ನಿನ್ನ ಕೈಲೂ ಆಗೂದಿಲ್ಲಂತ ಮೊದಲನೇ ವಾರ ಗೊತ್ತಾತು. ಹೇಳಿದ್ರ ನೀ ಬರೂದು ಬಿಡ್ತೀ ಅಂತ ಸುಮ್ಮನಿದ್ದೆ. ಆಕಳು ಮುಗ್ಗರಿಸಿದ ಮ್ಯಾಲೆ ಸುಮ್ಮನಿರಾಕ ಆಗಲಿಲ್ಲ" ಅಂದರು. ಅಂದು, ಬಗ್ಗಿ ಗಜ್ಜರಿ ಹೆಗ್ಗಣದ ಮುಂದೆ ಹಿಡಿದರು.

ಹೆಗ್ಗಣ ಗಜ್ಜರಿಯನ್ನು ಮೂಸಿ ನೋಡಿತು. ತುಪ್ಪ ಇರಲಿಲ್ಲ. ಮುಖ ತಿರುಗಿಸಿ ಮತ್ತೆ ಚಪಾತಿಗೆ ಬಾಯಿ ಹಾಕಿತು.

"ನನ್ನ ಹೊಲದಾಗ ಹುಟ್ಟಿ ಬೆಳದೈತಿ, ನಿನ್ನ ಹೇಂತಿ ಅಡಗಿ ಕೇಳತೈತಿ!" ಅಂದರು ಗೌಡರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಯಾವುದು ನಗುವಿನ ನೀರು, ಯಾವುದು ಬೇರೆಯದು ಅಂತ ನಾನು ಕೇಳಲಿಲ್ಲ.

ಮುಂದೆ ಯಾರು ಏನಾದರು ಅಂತ ಕೇಳುತ್ತೀರಿ, ನನಗೆ ಗೊತ್ತು. ಬಿಲ ಇದ್ದ ಮೂಲೆಗೆ ಇಬ್ಬರೂ ಸೇರಿ ಬೇಲಿ ಹಾಕಿದರು. ಈಗ ಹೆಗ್ಗಣ ಆ ಕಡೆ, ದನ ಈ ಕಡೆ. ಬೇಲಿ ಒಂದಲ್ಲ ಒಂದು ಕಡೆ ಬೀಳುತ್ತಲೇ ಇರುತ್ತದೆ, ಇವರಿಗೆ ದಿನಾ ಕೆಲಸ. ಆಕಳು ಸುಖವಾಗಿ ಈಯಿತು, ಹೆಣ್ಣುಗರು. ಗೌಡರು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಪಟ್ಟಿ ಬಿಚ್ಚಿದ ಮೇಲೆ ಇವರನ್ನು ನೋಡಿ, "ಇಷ್ಟು ಮುದುಕ ಆಗೀದ್ಯಾ?" ಅಂದರಂತೆ. ಹೆಗ್ಗಣ ಚಳಿಗಾಲವಿಡೀ ಮಲಗಿ, ಹಿಮ ಕರಗಿದ ಮೇಲೆ ಮಕ್ಕಳು ಮರಿಗಳನ್ನೂ ಕರೆದುಕೊಂಡು ಬಂತು. ಎಲ್ಲವೂ ಸಾಲಾಗಿ ಕೈ ಮುಗಿದು ನಿಲ್ಲುತ್ತವೆ. ನನಗೆ ಹಿಟ್ಟು ಕಲಸುವ ಕೆಲಸ ಹೆಚ್ಚಾಯಿತು. ಮೀನುಗಳು ಇಂದಿಗೂ ಗೌಡರ ಎರೆಹುಳ ಮುಟ್ಟುವುದಿಲ್ಲ. ಮಗ ಕೊಟ್ಟ ಮಾತಿನ ಹಾಗೆ ಒಂದು ಮಾತೂ ಆಡಲಿಲ್ಲ. ಸೊಸೆಯ ಮೀಟಿಂಗಿನಲ್ಲಿ ಏಣಿ ಕಾಣುವುದಿಲ್ಲ.

ಇನ್ನು ಆ ಕುರ್ಚಿ? ಖಾಲಿ ಬಿಡಬಾರದೆಂದು ನಾನೇ ಹೋದೆ. ವ್ಯಾನು ಬಾಗಿಲಿಗೇ ಬರುತ್ತದೆ, ರಾಣಿಯ ಹಾಗೆ ಹತ್ತಿ ಹೋಗುತ್ತೇನೆ. ಬಲೂನು ಎಷ್ಟು ಎತ್ತರದಿಂದ ಬರಲಿ, ಯಾವ ಮೂಲೆಯಿಂದ ಬರಲಿ, ನನ್ನ ಕೈ ಇವತ್ತಿನವರೆಗೂ ತಪ್ಪಿಲ್ಲ. ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸಾಗಿ, ದುರ್ಬೀನಿನ ಬಂದೂಕು ಹಿಡಿದವರು ನಮ್ಮ ಮನೆಯವರು. ಗುರಿ ಇಟ್ಟು ಹೊಡೆಯುವವಳು ಮಾತ್ರ ಇಡೀ ಮನೆಗೆ ನಾನೊಬ್ಬಳೇ.