ಗೊಂಡೆಯವನಿಗೆ ಬಾಯಿ ಬಂದ ಕಥೆ

ಹುಮನಾಬಾದಿನಲ್ಲಿ ಹಗ್ಗ, ಗಾಡಿಗೆ ಹೊದಿಸುವ ತಾಡಪತ್ರಿ, ಉಲ್ಲನ್ ದಾರ ಮಾರುತ್ತ ನನ್ನ ತಲೆ ಬೆಳ್ಳಗಾಯಿತು. ಸಾಮಾನಿಗೆ ಬರುವವರಷ್ಟೇ ಮಂದಿ "ನಾನೂ ಒಂದು ಅಂಗಡಿ ಹಾಕ್ಲೇನ್ರಿ?" ಎಂದು ಕೇಳಲಿಕ್ಕೂ ಬರುತ್ತಾರೆ. ಸಲಹೆಗೆ ಜಿಎಸ್‌ಟಿ ಇಲ್ಲ ನೋಡಿ.

ಚಹಾ ಕುಡಿಯುವಷ್ಟು ಹೊತ್ತಿನ ಮಾಲಕ

ಹಾಗೆ ಬಂದವನೊಬ್ಬ ಕೊಡಂಬಲದ ಟ್ರ್ಯಾಕ್ಟರ್ ಡ್ರೈವರ್. ಕುರಿ ಕಾಯುವ ಮನೆತನ, ಉಣ್ಣೆಯ ಗಂಟು ಹಾಕುವುದರಲ್ಲಿ ಪಳಗಿದ ಕೈ. ನನ್ನಲ್ಲಿ ಬಣ್ಣದ ಉಲ್ಲನ್ ಒಯ್ದು, ಗೊಂಡೆ ಕಟ್ಟಿ, ತನ್ನ ಟ್ರ್ಯಾಕ್ಟರನ್ನು ಸಿಂಗರಿಸುತ್ತಿದ್ದ. ಗೊಂಡೆ ಅಂಗಡಿ ಹಾಕುವುದು ಅವನ ಆಸೆ.

"ನಾ ಚಹಾ ಕುಡಿದು ಬರ್ತೀನಿ, ಅಷ್ಟೊತ್ತು ಗಲ್ಲಾದ ಮುಂದ ಕೂಡು," ಎಂದೆ. ಪರೀಕ್ಷೆ.

ತಿರುಗಿ ಬಂದರೆ, ಹಗ್ಗ ಕೊಂಡ ರೈತನೊಬ್ಬ ಬೈಕಿನ ಹ್ಯಾಂಡಲ್ಲಿಗೆ ಎರಡು ಗೊಂಡೆ ಕಟ್ಟಿಸಿಕೊಂಡು ಹೊರಟಿದ್ದ.

"ಹಗ್ಗದ ರೊಕ್ಕ ಬಂತು. ಗೊಂಡೆದು?"

"ಅವರು ಭಾಳ ಚಂದ ಅವ ಅಂದ್ರರಿ. ಹಾಂಗ ಅಂದವರಿಗಿ ರೊಕ್ಕ ಹ್ಯಾಂಗ ಕೇಳದು, ಸಾವ್ಕಾರ್ರೀ?"

"ಹಂಗಾರ ಚಂದ ಇಲ್ಲ ಅಂದವರಿಗಿ ಕೇಳು."

"ಅವರು ಕೊಡಂಗಿಲ್ಲಲ್ರೀ!"

ಇವನು ಡ್ರೈವರಾಗಿಯೇ ಇರಲಿ ಎಂದು ತೀರ್ಮಾನಿಸಿದೆ.

ಪಾಳಿ

ಕಬ್ಬಿನ ಹಂಗಾಮಿನಲ್ಲಿ ತಾಡಪತ್ರಿ ಮುಟ್ಟಿಸಲು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ. ಕಬ್ಬು ಇಳಿಸಲು ಗಾಡಿಗಳ ಪಾಳಿ ಒಂದು; ಅದರ ಪಕ್ಕದಲ್ಲಿ, ನಮ್ಮವನಿಂದ ಪುಕ್ಕಟೆ ಗೊಂಡೆ ಕಟ್ಟಿಸಿಕೊಳ್ಳಲು ಡ್ರೈವರುಗಳ ಪಾಳಿ ಇನ್ನೊಂದು. ಅದರ ತುದಿಯಲ್ಲಿ ಬಸವಕಲ್ಯಾಣದ ದಪ್ಪ ಮೀಸೆಯ ಲಾರಿ ಡ್ರೈವರ್. "ಗಾಡಿ ಹೊಡಿಯಾಕತ್ತೀಯೋ, ಮದುಮಗಳನ್ನ ಕಳಸಾಕತ್ತೀಯೋ?" ಎಂದು ಇವನನ್ನು ದಿನಾ ಅಣಕಿಸುತ್ತಿದ್ದವನು ಅವನೇ.

ನಾನು ನೋಡುತ್ತಿದ್ದಂತೆ ಮೀಸೆಯವ ಲಾರಿಯ ಬಂಪರ್ ಹತ್ತಿ ಕೂಗಿದ: "ಇವತ್ತಿನಿಂದ ಜೋಡಿಗಿ ಇನ್ನೂರು ರೂಪಾಯಿ!"

ನಮ್ಮವ ಓಡಿಹೋಗಿ ಅವನ ಕಾಲು ಹಿಡಿದ. "ಬ್ಯಾಡೋ ಅಣ್ಣಾ, ಮಂದಿ ಬೈತಾರ!"

"ಬೈಲಿ! ಇಂಥ ಗಂಟು ಹಾಕವ ಇಡೀ ಜಿಲ್ಲಾದಾಗ ಯಾವನಿದ್ದಾನ? ಅಂಗಡಿ ಹಾಕಲೇ, ನಾ ಅದೀನಿ!"

ನನಗೆ ಅಚ್ಚರಿ. ಮೀಸೆಯವನನ್ನು ಬದಿಗೆ ಕರೆದು ಕೇಳಿದೆ: "ಏನಪಾ, ಒಮ್ಮಿಂದೊಮ್ಮೆ ಇಷ್ಟು ಪ್ರೀತಿ?"

ಅವನು ಪಿಸುಗುಟ್ಟಿದ: "ರೊಕ್ಕ ಅಂದ್ರ ಈ ಮುಫತ್ತಿನ ಮಂದಿ ಓಡಿಹೋಗ್ತಾರ್ರಿ. ನನ್ನ ಪಾಳಿ ಲಗೂ ಬರ್ತದ."

ಒಬ್ಬನೂ ಓಡಲಿಲ್ಲ. ರೊಕ್ಕ ಕೇಳುತ್ತಾನೆಂದರೆ ಮಾಲು ಚಲೋ ಇರಬೇಕೆಂದು ದೂರದ ಗಾಡಿಗಳವರೂ ಬಂದು ನಡುವೆ ನುಗ್ಗಿದರು. ಮೀಸೆಯವನ ಪಾಳಿ ಇನ್ನಷ್ಟು ಹಿಂದೆ ಹೋಯಿತು.

ಬೋಣಿ

ಕೊನೆಗೂ ಮಾಣಿಕನಗರದಲ್ಲಿ ನಮ್ಮವನ ಸಣ್ಣದೊಂದು ಗೊಂಡೆ ಅಂಗಡಿ ತೆರೆಯಿತು. ಮೊದಲ ದಿನ ಬೆಳಿಗ್ಗೆ ಡ್ರೈವರುಗಳೆಲ್ಲ ತಮ್ಮ ಗಾಡಿಗಳ ಸಮೇತ ಹಾಜರು; ನಾನೂ ಹೋಗಿದ್ದೆ. ನಮ್ಮ ಪೇಟೆಯಲ್ಲಿ ಬೋಣಿಯ ಗಿರಾಕಿಯನ್ನು, ಅಂದರೆ ದಿನದ ಮೊದಲ ಗಿರಾಕಿಯನ್ನು, ಬರಿಗೈಯಲ್ಲಿ ಕಳಿಸುವುದಿಲ್ಲ. ಅದು ಗೊತ್ತಿದ್ದೇ ಮೀಸೆಯವ ಎಲ್ಲರಿಗಿಂತ ಮುಂದೆ ನಿಂತು, "ನೂರಕ್ಕ ಕೊಡು," ಎಂದ.

ನಮ್ಮವನ ಕೈ ಗೊಂಡೆಯತ್ತ ಹೋಯಿತು.

ಅಷ್ಟು ಸಲೀಸಾಗಿ ಒಪ್ಪಿದ್ದನ್ನು ಕಂಡು ಮೀಸೆಯವನೇ ಸಿಡಿದ: "ಕೊಡಬ್ಯಾಡಲೇ! ನನಗ ನೂರಕ್ಕ ಕೊಟ್ರ, ನಾಳಿ ಊರೆಲ್ಲಾ ಬೋಣಿಗೇ ಬಂದು ನಿಂದರ್ತದ. ಬೈ ನನ್ನ!"

"ಹ್ಯಾಂಗ ಬೈಲೋ ಅಣ್ಣಾ? ಹಿಮ್ಮತ್ ಕೊಟ್ಟವನೇ ನೀನು."

"ಅದಕ್ಕೇ ಬೈ!"

ನಮ್ಮವ ಕಣ್ಣು ಮುಚ್ಚಿ ಒದರಿದ: "ಇನ್ನೂರಕ್ಕ ಒಂದು ಪೈಸೆ ಕಡಿಮಿ ಇಲ್ಲ! ತಗೊಂಡ್ರ ತಗೋ, ಇಲ್ಲಾಂದ್ರ ಹಾದಿ ಬಿಡು!"

ಸೀಟಿಗಳು ಬಿದ್ದವು. "ಶಹಬ್ಬಾಸ್!" ಎಂದು ಅಪ್ಪಿಕೊಂಡ ಮೀಸೆಯವ, ಆಮೇಲೆ ಕಿಸೆ ತಡಕಿ, "ಆದ್ರ ನನ್ನ ಬಲ್ಲಿ ನೂರೇ ಅದ," ಎಂದ.

ಬೋಣಿ ನಿಂತುಬಿಟ್ಟಿತು. ಎಲ್ಲರೂ ನನ್ನ ಮುಖ ನೋಡಿದರು. ಹಿರಿಯನಲ್ಲವೇ, ಮುಂದೆ ಹೋಗಿ ಸ್ಕೂಟರಿಗೆಂದು ಒಂದು ಜೋಡಿ ಎತ್ತಿಕೊಂಡೆ. "ಎಷ್ಟಪಾ?"

"ಇನ್ನೂರಾ ಐವತ್ತು ಸಾವ್ಕಾರ್ರೀ."

"ಅವನಿಗಿ ಇನ್ನೂರು, ನನಗ್ಯಾಕ ಇನ್ನೂರಾ ಐವತ್ತು?"

"ಅವ ಡ್ರೈವರ್ ಅದಾನ್ರಿ. ನೀವು ಸಾವ್ಕಾರ್ರು."

ಚೌಕಾಸಿಗೆ ಬಾಯಿ ತೆರೆದೆ. ಹಿಂದಿದ್ದ ಗಾಡಿಗಳೆಲ್ಲ ಒಮ್ಮೆಲೇ ಹಾರ್ನ್ ಹೊಡೆದವು. ಬಾಯಿ ಮುಚ್ಚಿ, ಕಿಸೆ ತೆರೆದೆ.