ಅಕ್ಕನ ಮಗಳೂ ನಾನು ಅಳೆಯದ ನೀರೂ

ನಮ್ಮಕ್ಕನ ಮಗಳಿಗೆ ತಲೆ ನೆಟ್ಟಗಿಲ್ಲವೆಂದು ನಂಜನಗೂಡಿನಲ್ಲಿ ಮೊದಲು ಸಾರಿದವನು ನಾನೇ. ಸೋದರಮಾವನಾದವನು ಹೀಗೆ ಹೇಳಬಹುದೇ ಎಂದು ನೀವು ಕೇಳಬಹುದು. ಹೇಳಬಾರದು. ಆದರೆ ಹೇಳಿದೆ, ಅದೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಹತ್ತು ಜನರ ಎದುರಿಗೆ. ಈಗ ಎಪ್ಪತ್ತು ದಾಟಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೂತಿದ್ದೇನೆ. ಪೂರ್ತಿ ತೆಗೆದುಕೊಳ್ಳುತ್ತೇನೆಂದು ಮಾತ್ರ ತಿಳಿಯಬೇಡಿ. ಸ್ವಲ್ಪ ಕೆಟ್ಟಿತ್ತು, ಅದಕ್ಕೆ ಸಾಕ್ಷಿಗಳಿದ್ದಾರೆ.

ಈ ‘ಸ್ವಲ್ಪ’ ಎಂಬ ಪದವನ್ನೇ ನೋಡಿ. ಅವಳ ಎದುರಿಗೆ ಅದನ್ನು ಆಡುವಂತೆಯೇ ಇರಲಿಲ್ಲ. ಸ್ವಲ್ಪ ಸಾರು ಹಾಕವ್ವಾ ಎಂದರೆ ಸೌಟು ಹಿಡಿದು ನಿಂತು, “ಎಷ್ಟು ಸೌಟು ಮಾವ?” ಎನ್ನುವಳು. ಮಳೆ ಜೋರು ಎಂದರೆ, “ಎಷ್ಟು ಜೋರು?” ಅಕ್ಕನ ಉದ್ದಿನಬೇಳೆ ಡಬ್ಬವನ್ನು ಖಾಲಿ ಮಾಡಿ ತಾರಸಿಯ ಮೇಲಿಟ್ಟು, ಅದರಲ್ಲಿ ಬಿದ್ದ ಮಳೆಯನ್ನು ಸ್ಕೂಲಿನ ಸ್ಕೇಲಿನಲ್ಲಿ ಅಳೆದು ಬರೆಯುತ್ತಿದ್ದಳು. “ಮಳೆ ಡಬ್ಬದಲ್ಲಿ ಅದೆ, ಬೇಳೆ ನೆಲದ ಮೇಲೆ ಅದೆ. ಇದು ಯಾವ ಸೀಮೆ ಓದು?” ಎಂದು ಅಕ್ಕ ನನ್ನ ಹತ್ತಿರ ದೂರು ಹೇಳಿದಳು. ನಾನು ಡಬ್ಬ ಕೆಳಗಿಳಿಸಿಕೊಟ್ಟೆ. ಮಾರನೆಯ ದಿನ ಕಡಲೆಬೇಳೆಯ ಡಬ್ಬ ತಾರಸಿ ಹತ್ತಿತ್ತು.

ಅವಳನ್ನು ನೋಡಲು ಸೋಸಲೆಯ ಕಡೆಯಿಂದ ಒಂದು ಗಂಡು ಬಂತು. ಕೇಸರಿಬಾತು, ಉಪ್ಪಿಟ್ಟು ಎಲ್ಲಾ ಆಯಿತು. ಹುಡುಗನ ತಂದೆ ಒಳ್ಳೆಯ ಮನುಷ್ಯರು, “ನೀನೂ ಏನಾರ ಕೇಳೋದಿದ್ರೆ ಕೇಳವ್ವಾ, ಸಂಕೋಚ ಪಡಬ್ಯಾಡ” ಎಂದರು. ಹುಡುಗನ ಸಂಬಳವನ್ನೋ ಮನೆಯ ಮಂದಿಯನ್ನೋ ಕೇಳುತ್ತಾಳೆಂದು ಅವರು ಎಣಿಸಿದ್ದರು. ಇವಳು ತಲೆಯೆತ್ತಿ, “ನಿಮ್ಮನೆ ಬಾವೀಲಿ ಬೇಸಿಗೆ ಹೊತ್ಗೆ ನೀರು ಎಷ್ಟು ಅಡಿಗೆ ಹೋಗ್ತದೆ?” ಎಂದಳು.

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. “ಯಾಕವ್ವಾ, ಹಾರೋಕೆ ಈಗ್ಲೇ ಜಾಗ ನೋಡ್ಕತಿದ್ದೀಯಾ?”

ಸಂಬಂಧ ಮುರಿಯಿತು. ಅಕ್ಕ ಎರಡು ದಿನ ಅತ್ತಳು. ಇವಳಿಗೆ ಅದರ ಚಿಂತೆಯೇ ಇಲ್ಲ. “ಐವತ್ತು ವರ್ಷದಿಂದ ಅದೇ ನೀರು ಕುಡೀತವ್ರೆ ಮಾವ. ಎಷ್ಟದೆ ಅಂತ ಒಬ್ರಿಗೂ ಗೊತ್ತಿಲ್ಲ” ಎಂದು ನನಗೇ ಪಾಠ ಹೇಳಿದಳು.

ಆ ಹೊತ್ತಿಗೆ ಅವಳು ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತ, ಪಿಎಚ್.ಡಿ.ಗೆ ಸೇರಿದ್ದಳು. ಎಂಥ ಓದು ಎಂದು ನಾನು ಕೇಳಿದೆ.

“ಮಾಹಿತಿ ವ್ಯವಸ್ಥೆ ಮಾವ. ಊರಿಗೆ, ನೀರಿಗೆ, ಮಣ್ಣಿಗೆ ಒಳ್ಳೇದಾಗೋ ಹಂಗೆ ಮಾಹಿತಿ ಕೂಡ್ಸಿ ಇಡೋದು.”

“ಇಟ್ರೆ ಒಳ್ಳೇದಾಗ್ತದಾ? ನಮ್ಮ ಕಚೇರೀಲಿ ನಾಲ್ಕು ಬೀರು ತುಂಬ ಮಾಹಿತಿ ಅದೆ. ಗೆದ್ದಲಿಗೆ ಬಿಟ್ರೆ ಯಾರ್ಗೂ ಒಳ್ಳೇದಾಗಿಲ್ಲ.”

ಅವಳು ನಗಲೆಂದು ಹೇಳಿದೆ. ಅವಳು ನಗಲಿಲ್ಲ. “ಯಾವ ಮಾಹಿತಿ?” ಎಂದಳು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ನನ್ನ ಕೆಲಸವನ್ನು ಹೇಳಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಯಾವ ಕಚೇರಿ ಎಂದು ಕೇಳಬೇಡಿ, ಕಚೇರಿಯ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಇಪ್ಪತ್ತೆರಡು ಊರುಗಳಲ್ಲಿ ಒಂದೊಂದು ಬಾವಿ ಗೊತ್ತು ಮಾಡಿದ್ದರು. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಹೋಗಿ, ತುದಿಗೆ ಗುಂಡು ಕಟ್ಟಿದ ಟೇಪನ್ನು ಇಳಿಬಿಟ್ಟು, ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಎರಡು ವರ್ಷ ನಿಯತ್ತಾಗಿ ಬರೆದೆ. ಆಮೇಲೆ ಒಂದು ತಿಂಗಳು ಜ್ವರ ಬಂದು ಮಲಗಿದೆ. ಮಲಗಿದಲ್ಲಿಂದಲೇ ಹಿಂದಿನ ತಿಂಗಳ ಅಂಕಿಗಳನ್ನು ಆಚೆಈಚೆ ಮಾಡಿ ತುಂಬಿ ಕಳುಹಿಸಿದೆ. ಸಾಹೇಬರ ಸಹಿ ಬಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳದಿರುವುದಕ್ಕಿಂತ ದೊಡ್ಡ ಅಪ್ಪಣೆ ಯಾವುದಿದೆ ಹೇಳಿ?

ಅಲ್ಲಿಂದ ಮುಂದಕ್ಕೆ ಬಸ್ ಸ್ಟ್ಯಾಂಡಿನ ಹೋಟೆಲೇ ನನ್ನ ಇಪ್ಪತ್ತೆರಡು ಊರು. ಒಂದು ಸೆಟ್ ದೋಸೆ ಮುಗಿಯುವುದರೊಳಗೆ ಅಷ್ಟೂ ಬಾವಿಗಳನ್ನು ಅಳೆದು ಮುಗಿಸುತ್ತಿದ್ದೆ. ಮಳೆ ಬಂತೇ, ನೀರನ್ನು ಮೂರಡಿ ಮೇಲಕ್ಕೆ ತರು. ಬೇಸಿಗೆಯೇ, ನಾಲ್ಕಡಿ ಇಳಿಸು. ಬೇರೆಬೇರೆ ದಿನ ಬರೆದಂತೆ ಕಾಣಲೆಂದು ಎರಡು ಪೆನ್ನು ಇಟ್ಟುಕೊಂಡಿದ್ದೆ. ಸಂಶಯ ಬರಬಾರದೆಂದು ಅಲ್ಲಲ್ಲಿ ಅರ್ಧ ಇಂಚನ್ನೂ ಸೇರಿಸುತ್ತಿದ್ದೆ. ಆ ಅರ್ಧ ಇಂಚುಗಳ ಬಗ್ಗೆ ನನಗೆ ಹೆಮ್ಮೆಯಿತ್ತು.

ಆ ಪುಸ್ತಕಗಳೇ ಅವಳಿಗೆ ಬೇಕಾಗಿದ್ದವು. ಕಚೇರಿಯಿಂದ ಅಪ್ಪಣೆ ತಂದು, ಗೆದ್ದಲು ಕೊಡವಿ, ಗೋಣಿಚೀಲದಲ್ಲಿ ತುಂಬಿಕೊಂಡು ಹೋದಳು. ಮೈಸೂರಿನಿಂದ ಒಂದು ಹಳೆಯ ಕಂಪ್ಯೂಟರು ಲಗೇಜು ಆಟೋದಲ್ಲಿ ಬಂತು. ಅಕ್ಕ ಅದಕ್ಕೆ ಕುಂಕುಮವಿಟ್ಟು, ಧೂಳು ಬೀಳದಿರಲೆಂದು ತನ್ನ ಮದುವೆಯ ಸೀರೆಯನ್ನು ಹೊದಿಸಿದಳು. ಜಾತಕ ಹಾಕುವ ಪೆಟ್ಟಿಗೆಯೆಂದು ಯಾರೋ ಹೇಳಿ, ಬೀದಿಯ ಹೆಂಗಸರು ಹೆಣ್ಣುಮಕ್ಕಳ ಜನ್ಮದಿನ ಬರೆದುಕೊಂಡು ಬಂದರು. “ಇದು ಬಾವಿ ಜಾತಕ ಮಾತ್ರ ನೋಡೋದು ಕಣಕ್ಕಾ” ಎಂದು ಇವಳು ಎಲ್ಲರನ್ನೂ ಕಳುಹಿಸಿದಳು. ಸುಳ್ಳಲ್ಲ. ಹಿಂದಿನ ವರ್ಷಗಳ ಅಂಕಿ ಕೊಟ್ಟರೆ, ಮುಂದಿನ ಬೇಸಿಗೆಯಲ್ಲಿ ಯಾವ ಊರಿನ ಬಾವಿ ಯಾವಾಗ ಬತ್ತುತ್ತದೆಂದು ಅದು ಹೇಳಬೇಕು. ಊರಿನವರು ಮೊದಲೇ ಎಚ್ಚೆತ್ತುಕೊಳ್ಳಬೇಕು. ಅವಳ ಪಿಎಚ್.ಡಿ. ಎಂದರೆ ಇಷ್ಟೇ. ಅದು ನನ್ನ ಸೆಟ್ ದೋಸೆಯ ಮೇಲೆ ನಿಂತಿತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಹೋಟೆಲಿನಲ್ಲಿ ಕೂತು, “ನಮ್ಮಕ್ಕನ ಮಗಳಿಗೆ ತಲೆ ಕೆಟ್ಟದೆ ಕಣ್ರೀ, ಹಳೇ ಪುಸ್ತಕ ಒತ್ಕೊಂಡು ತಿರುಗ್ತಾಳೆ” ಎಂದು ಸಾರಿದೆ. ಹುಚ್ಚಿಯ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವಲ್ಲ, ಆ ಧೈರ್ಯ.

ಒಂದು ದಿನ ಬಾವಿಗಳನ್ನು ಕಣ್ಣಾರೆ ನೋಡಬೇಕೆಂದು ನನ್ನನ್ನು ಹೊರಡಿಸಿದಳು. ಮೊದಲ ಊರಿನಲ್ಲೇ ಕೆಟ್ಟೆ. ಬಾವಿಯ ಜಾಗದಲ್ಲಿ ಹಾಲಿನ ಡೈರಿ ಇತ್ತು.

“ಬಾವಿ ಎಲ್ಲಿ ಮಾವ?”

ನಾನು ಆಕಾಶ ನೋಡಿದೆ. ಡೈರಿಯ ಸೆಕ್ರೆಟರಿ ಹೊರಗೆ ಬಂದು, “ಬಾವೀನಾ? ಮುಚ್ಚಾಕಿ ಆರು ವರ್ಸಾಯ್ತಲ್ಲಾ ಮೇಡಂ. ಅದ್ರ ಮ್ಯಾಲೇ ಅಲ್ವಾ ನಾವು ಹಾಲು ಅಳೀತಿರೋದು” ಎಂದ.

ಇವಳು ಪುಸ್ತಕ ತೆಗೆದು ನೋಡಿದಳು. ಆ ಆರು ವರ್ಷವೂ ಆ ಬಾವಿಯಲ್ಲಿ ನೀರು ಏರಿದೆ, ಇಳಿದಿದೆ. ಒಂದು ಶ್ರಾವಣದಲ್ಲಂತೂ ಅರ್ಧ ಇಂಚು ಹೆಚ್ಚಾಗಿಯೇ ಏರಿದೆ. ಸೆಕ್ರೆಟರಿ ಇಣುಕಿ ನೋಡಿ, “ನಮ್ಮ ಡೈರಿ ಹಾಲ್ಗೆ ನೀರು ಎಲ್ಲಿಂದ ಬತ್ತದೆ ಅಂತ ಇವತ್ತು ಗೊತ್ತಾಯ್ತು ಬುಡಿ” ಎಂದು ನಕ್ಕ.

ನಾನು, “ಅದೊಂದೇ ಕಣವ್ವಾ. ಅದೊಂದು ನೋಡಿರ್ಲಿಲ್ಲ” ಎಂದೆ. ಅವಳು ನಂಬಿದಳು. ಆ ಒಂದನ್ನು ಹೊಡೆದುಹಾಕಿ ಉಳಿದ ಇಪ್ಪತ್ತೊಂದನ್ನು ಇಟ್ಟುಕೊಂಡಳು. ಲೋಕದಲ್ಲಿ ಯಾರ ಮಾತಿಗೂ ‘ಎಷ್ಟು’ ಎಂದು ಕೇಳುತ್ತಿದ್ದವಳು, ಮಾವನ ಸುಳ್ಳು ಎಷ್ಟು ಎಂದು ಮಾತ್ರ ಕೇಳಲಿಲ್ಲ.

ಆ ಬೇಸಿಗೆಗೆ ಮುಂಚೆ ಕಂಪ್ಯೂಟರಿನಿಂದ ಹಾಳೆಗಳು ಹೊರಬಂದವು. ಟಿ. ನರಸೀಪುರದ ಹತ್ತಿರ, ದಿಬ್ಬದ ಮೇಲಿನ ಒಂದು ಊರಿನ ಬಾವಿಯಲ್ಲಿ ಯುಗಾದಿ ಕಳೆದ ಮೇಲೂ ನೀರಿರುತ್ತದೆಂದು ಹಾಳೆ ಹೇಳಿತು. ಅವಳು ತೋರಿಸಿದ ಆ ಹಾಳೆಯನ್ನು ನಂಬಿ, ಅವರಿಗೆಂದು ಇದ್ದ ಟ್ಯಾಂಕರನ್ನು ಪಂಚಾಯಿತಿಯವರು ಬೇರೆ ಊರಿಗೆ ಕಳುಹಿಸಿದರು. ಬಾವಿ ಶಿವರಾತ್ರಿಗೇ ಒಣಗಿತು.

ಸುದ್ದಿ ತಿಳಿದು ಅವಳು ಓಡಿದಾಗ ನಾನೂ ಜೊತೆಗೆ ಹೋಗಿದ್ದೆ. ಖಾಲಿ ಕೊಡಗಳ ನಡುವೆ ಒಬ್ಬ ಮುದುಕಿ ಅವಳ ಎದುರಿಗೆ ಬಂದು ನಿಂತಳು. “ಅವ್ವಾ, ನಿನ್ ಪೆಟ್ಗೇಲಿ ನೀರದೆ ಅಂದ್ಯಂತಲ್ಲ. ಅದನ್ನೇ ಒಂದ್ ಕೊಡ ಬಗ್ಗಿಸ್ಕೊಡು” ಎಂದಳು.

ಎಲ್ಲರೂ ನಕ್ಕರು. ಇವಳು ಮುದುಕಿಯ ಕೈಯಿಂದ ಕೊಡ ತೆಗೆದುಕೊಂಡು, ಒಂದು ಮೈಲಿ ಆಚೆಯ ಪಂಪ್‌ಸೆಟ್ಟಿಗೆ ಹೋಗಿ ಹೊತ್ತು ತಂದಳು. ಟ್ಯಾಂಕರು ಬರಲು ಎರಡು ವಾರ ಹಿಡಿಯಿತು. ಕಾಲೇಜಿಗೆ ರಜ ಹಾಕಿ ಅಷ್ಟು ದಿನವೂ ಹೊತ್ತಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ತನ್ನ ತಪ್ಪನ್ನು ಹುಡುಕತೊಡಗಿದಳು. ಎರಡು ತಿಂಗಳು ಹುಡುಕಿದಳು. ಊಟದ ಎಲೆಯ ಮುಂದೆಯೂ, “ನಾನೇ ಎಲ್ಲೋ ಎಡವಿದ್ದೀನಿ ಮಾವ” ಎನ್ನುವಳು. ಇಲ್ಲದ ತಪ್ಪನ್ನು ಎಷ್ಟು ಹುಡುಕಿದರೆ ಸಿಕ್ಕೀತು?

ಒಂದು ದಿನ ಇಬ್ಬರೂ ಟಿ. ನರಸೀಪುರದಿಂದ ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

“ತಪ್ಪು ನಿನ್ ಪೆಟ್ಗೇದಲ್ಲ ಕಣವ್ವಾ.”

“ಮತ್ತೆ?”

“ನಂದು. ಡೈರಿ ಒಂದೇ ಅಲ್ಲ. ಮೊದಲ್ನೇ ಎರಡು ವರ್ಷ ಬಿಟ್ರೆ ಎಲ್ಲಾ ಓಟ್ಲಲ್ಲಿ ಕೂತು ಬರ್ದಿದ್ದು.”

ಕಂಡಕ್ಟರು ಬಂದು ಟಿಕೆಟ್ ಎಂದ. ಅವಳು ಅವನನ್ನು ನೋಡಲೇ ಇಲ್ಲ. ಎರಡು ಸ್ಟಾಪು ಕಳೆದ ಮೇಲೆ, “ಯಾಕೆ ಮಾವ?” ಎಂದಳು.

“ಯಾರೂ ಓದಾಕಿಲ್ಲ ಅಂತ. ಓದೋರು ಒಬ್ರು ಇದ್ದಿದ್ರೂ ಅಳೀತಿದ್ದೆ.”

ಅವಳು ಸುತ್ತೂರಿಗೆ ಒಂದು ಸ್ಟಾಪು ಮುಂಚೆ ಎದ್ದು ಬಸ್ ನಿಲ್ಲಿಸಿದಳು. “ಇಳಿ.”

“ಇಲ್ಲ್ಯಾಕವ್ವಾ?”

“ಇಲ್ಲೊಂದು ಬಾವಿ ಅದೆಯಲ್ಲ ನಿನ್ ಪುಸ್ತಕದಲ್ಲಿ. ಅಳಿ.”

ಟೇಪು ಅವಳ ಚೀಲದಲ್ಲೇ ಇತ್ತು. ಅಳೆದೆ. ಪುಸ್ತಕಕ್ಕೂ ನೀರಿಗೂ ಹದಿನಾಲ್ಕು ಅಡಿ ವ್ಯತ್ಯಾಸವಿತ್ತು. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಬರೆದುಕೊಂಡಳು.

ಅವಳ ಗೈಡು ಒಂದು ಉಪಾಯ ಹೇಳಿದರಂತೆ: ಮಾವನ ಪುಸ್ತಕಗಳು ಕಳೆದುಹೋದವೆಂದು ಬರೆದು, ಬೇರೆ ತಾಲ್ಲೂಕಿನ ಅಂಕಿ ಹಾಕಿಕೊಂಡು ಬೇಗ ಮುಗಿಸು ಎಂದು. ಇವಳು ಒಪ್ಪಲಿಲ್ಲ. ಮಾಹಿತಿ ಹೇಗೆ ಸುಳ್ಳಾಗುತ್ತದೆ, ಯಾಕೆ ಸುಳ್ಳಾಗುತ್ತದೆ ಎಂಬುದನ್ನೇ ಬರೆಯುತ್ತೇನೆ, ಬಾವಿಗಳನ್ನು ಹೊಸದಾಗಿ ಅಳೆಯುತ್ತೇನೆ ಎಂದು ಹಟ ಹಿಡಿದಳು. ಮುಗಿಯಬೇಕಿದ್ದ ಪಿಎಚ್.ಡಿ. ಮೂರು ವರ್ಷ ಮುಂದೆ ಹೋಯಿತು. ಪ್ರೊಫೆಸರ್ ಆಗುವ ಒಂದು ಅವಕಾಶವೂ ಅದರ ಜೊತೆಗೆ ಹೋಯಿತು. ಅಕ್ಕ ನನ್ನ ಜೊತೆ ಒಂದು ವರ್ಷ ಮಾತಾಡಲಿಲ್ಲ.

ಅಳೆಯುವ ಕೆಲಸ ಯಾರದೆಂದು ನೀವು ಊಹಿಸಿರಬಹುದು. ಭಾನುವಾರ ಬೆಳಗಾದರೆ ಸೈಕಲ್ಲು, ಟೇಪು, ನಾನು. ಅಳೆದದ್ದನ್ನು ಮೊದಲು ಬಾವಿಯ ಕಟ್ಟೆಯ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆಯಬೇಕು, ಪುಸ್ತಕಕ್ಕೆ ಆಮೇಲೆ ಎಂದು ಅವಳ ಆಜ್ಞೆ. ನೀರು ಸೇದುವವರೇ ಮೊದಲು ಓದಬೇಕಂತೆ. ಎರಡು ತಿಂಗಳಿಗೆ ಹೆಂಗಸರು ಓದತೊಡಗಿದರು. “ಸಾ, ಓದ್ ತಿಂಗ್ಳಿಗಿಂತ ಮೂರಡಿ ಕೆಳಕ್ಕೆ ಓಗ್ಯದೆ. ಟ್ಯಾಂಕ್ರಿಗೆ ಈಗ್ಲೇ ಯೋಳ್ಬೇಕಾ?” ಎಂದು ಸೈಕಲ್ಲು ಹಿಡಿದು ಕೇಳುವರು. ದಿಬ್ಬದ ಊರಿನ ಆ ಮುದುಕಿಯಂತೂ, ಒಂದು ಭಾನುವಾರ ನಾನು ತಡವಾಗಿ ಹೋದದ್ದಕ್ಕೆ, “ಏನ್ ಸಾ, ಮನೇಲಿ ಕೂತೇ ಅಳ್ದ್ಬುಟ್ರೇನೋ ಅನ್ಕಂಡೆ” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಮಾತ್ರ ಅಂದು ಆ ಬಾವಿಯನ್ನು ಎರಡು ಸಲ ಅಳೆದೆ.

ಕಡೆಗೆ ವೈವಾ ದಿನ ಬಂತು. ವೈವಾ ಎಂದರೆ, ಬರೆದದ್ದನ್ನು ಸಭೆಯ ಎದುರಿಗೆ ನಿಂತು ಸಮರ್ಥಿಸಿಕೊಳ್ಳಬೇಕು. ನಾನು ಆಗಲೇ ರಿಟೈರ್ ಆಗಿದ್ದೆ. ಅಕ್ಕ, ನಾನು ಹಿಂದಿನ ಸಾಲಿನಲ್ಲಿ ಕೂತೆವು. ಎರಡನೇ ಸಾಲಿನಲ್ಲಿ ನಮ್ಮ ಹಳೆಯ ಸಾಹೇಬರು, ನನ್ನ ಪುಸ್ತಕಗಳಿಗೆ ತಿಂಗಳು ತಿಂಗಳೂ ಸಹಿ ಹಾಕಿದವರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು. ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷಾದರೂ ‘ಫಾಲ್ಸ್’ ಎಂಬ ಪದ ಅರ್ಥವಾಗದವನಲ್ಲ ನಾನು. ಈ ಹಳೆಯ ಅಂಕಿಗಳು ಸುಳ್ಳೆಂದು ಹೇಳಿದವರು ಯಾರು, ಅವರ ಹೆಸರೆಲ್ಲಿ ಎಂಬುದು ಪ್ರಶ್ನೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದಳು ಇವಳು. ಹಾಗಾದರೆ ಇದನ್ನು ಹೇಗೆ ಒಪ್ಪುವುದು ಎಂದು ಅವರು ಪೆನ್ನು ಕೆಳಗಿಟ್ಟರು.

ನನಗೆ ಅವಳು ಅಂಥ ಮಾತು ಕೊಟ್ಟದ್ದು ನೆನಪಿಲ್ಲ. ಅವಳಷ್ಟಕ್ಕೇ ಕೊಟ್ಟುಕೊಂಡಿರಬೇಕು. ಎದ್ದು ನಿಂತೆ.

“ನಾನೇ ಸಾ, ಬರ್ದೋನು. ಈಗ ಹೊಸದಾಗಿ ಅಳ್ದೋನೂ ನಾನೇ.”

ಅಕ್ಕ ನನ್ನ ಪಂಚೆ ಹಿಡಿದು ಎಳೆದಳು. ಹಳೆಯ ಸಾಹೇಬರು ನೆಲ ನೋಡಿದರು. ಪರೀಕ್ಷಕರು ಕನ್ನಡಕ್ಕೆ ಇಳಿದರು. “ಅಷ್ಟು ವರ್ಷ ಸುಳ್ಳು ಬರೆದವರು ನೀವು. ಈಗ ನಿಜ ಹೇಳ್ತಿದ್ದೀರಿ, ಹೊಸ ಅಳತೆ ಸರಿಯಾಗಿದೆ ಅಂತ ನಾವು ಹೇಗೆ ನಂಬೋಣ?”

ನ್ಯಾಯವಾದ ಪ್ರಶ್ನೆ. ಅವಳ ಮೂರು ವರ್ಷವನ್ನೂ ನಾನೇ ಮುಳುಗಿಸಿದೆನೆಂದುಕೊಂಡೆ.

“ಸರ್,” ಎಂದಳು ಅವಳು. “ಹೊಸದಾಗಿ ಶುರು ಮಾಡಿದಾಗ, ಇವರು ಅಳೆದು ಸೈಕಲ್ಲಲ್ಲಿ ಮುಂದಿನ ಊರಿಗೆ ಹೋದ ಮೇಲೆ ನಾನು ಹಿಂದೆಯೇ ಬಸ್ಸಲ್ಲಿ ಹೋಗಿ ಅದೇ ಬಾವಿಯನ್ನ ಇನ್ನೊಂದು ಸಲ ಅಳೀತಿದ್ದೆ. ಇವರಿಗೆ ಗೊತ್ತಿಲ್ಲ.”

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಮೂರು ವರ್ಷಾನೂ?”

“ಇಲ್ಲ ಸರ್. ನಾಲ್ಕನೇ ತಿಂಗಳು ನಿಲ್ಲಿಸಿದೆ.”

“ಯಾಕೆ ನಿಲ್ಲಿಸಿದಿರಿ?”

“ಒಂದೂರಲ್ಲಿ ನನ್ನ ಅಳತೆಗೂ ಇವರ ಅಳತೆಗೂ ಒಂದು ಇಂಚು ವ್ಯತ್ಯಾಸ ಬಂತು. ಮತ್ತೆ ಮತ್ತೆ ನೋಡಿದೆ. ತಪ್ಪಿದ್ದು ನಾನು ಸರ್. ಆಮೇಲೆ ನಾನು ಹಿಂದೆ ಹೋಗಲಿಲ್ಲ.”

ಪರೀಕ್ಷಕರು ಪೆನ್ನು ಕೈಗೆತ್ತಿಕೊಂಡು ಸಹಿ ಹಾಕಿದರು.

ಅದು ಯಾವ ಊರು ಎಂದು ನಾನು ಅವಳನ್ನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಊರು, ತಾರೀಖು, ಅಂದು ನೀರು ಎಷ್ಟಿತ್ತು ಎಲ್ಲಾ ಹೇಳಿಬಿಡುತ್ತಾಳೆ. ಯಾವುದೋ ಒಂದು ಭಾನುವಾರ, ಯಾವುದೋ ಬಾವಿಯನ್ನು ಅಳೆದು ಸುಣ್ಣದಲ್ಲಿ ಬರೆದು ನಾನು ಸೈಕಲ್ಲು ಹತ್ತಿದ್ದೇನೆ, ಅಲ್ಲಿಂದ ಮುಂದೆ ನನ್ನ ಹಿಂದೆ ಯಾರೂ ಬಂದಿಲ್ಲ. ಈಗಲೂ ಆ ಇಪ್ಪತ್ತೊಂದು ಊರುಗಳಲ್ಲಿ ಯಾವುದರ ದಾರಿಯಲ್ಲಿ ಬಸ್ಸು ಹೋದರೂ ಕಿಟಕಿಯ ಹೊರಗೆ ಬಗ್ಗಿ ನೋಡುತ್ತೇನೆ. ಇದೇ ಇರಬಹುದು ಎಂದುಕೊಳ್ಳುತ್ತೇನೆ.