ಕೌದಿ ಕೋಟಿನ ಕಾಕಾ

ಧಾರವಾಡದ ಚಳಿಗೆ ನಮ್ಮ ಕಾಕಾನಷ್ಟು ಹೆದರುವ ಮನುಷ್ಯ ಇನ್ನೊಬ್ಬನಿಲ್ಲ. ಹಾಗಿದ್ದೂ ಮಾಗಿಯ ನಸುಕಿನಲ್ಲಿ ಸಪ್ತಾಪುರದಿಂದ ಸೈಕಲ್ ಹತ್ತಿ ಹೊರಡುವವರಲ್ಲಿ ಮೊದಲಿಗ ಅವನೇ! ಹೆದರುವವನು ಹೊದ್ದು ಮಲಗಬೇಕೋ ಬೇಡವೋ?

ಅವನ ವೇಷ ನೋಡಬೇಕು. ಬನಿಯನ್ನಿನ ಮೇಲೆ ನಿನ್ನೆಯ ಪೇಪರ್, ಅದರ ಮೇಲೆ ಅಂಗಿ. ಎದೆಗೆ ಗಾಳಿ ತಾಗುವುದಿಲ್ಲವಂತೆ. ಇಬ್ಬನಿಗೆ ನೆನೆಯದಂತೆ ಕಾಲುಚೀಲದ ಮೇಲೆ ಖಾಲಿ ಹಾಲಿನ ಪಾಕೀಟು. ಪೆಡಲ್ ತುಳಿದಾಗಲೆಲ್ಲ ಮೈತುಂಬ ಸರಬರ ಸದ್ದು. ಒಮ್ಮೆ ಚಹಾದಂಗಡಿಯಲ್ಲಿ ಯಾರೋ ಪೇಪರ್ ಕೇಳಿದರೆ ಅಂಗಿಯ ಗುಂಡಿ ಬಿಚ್ಚುತ್ತ, "ಕ್ರಿಕೆಟ್ ಸುದ್ದಿ ಮಾತ್ರ ಕೇಳಬ್ಯಾಡ್ರಿ, ಅದು ಬೆನ್ನಿಗೈತಿ" ಅಂದ!

ಎಲ್ಲಕ್ಕೂ ಕಳಸವಿಟ್ಟಂತೆ ಒಂದು ಕೋಟು. ಅವನ ಹೆಂಡತಿ, ನಮ್ಮ ಕಾಕು, ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದಿದ್ದ ಕೌದಿಯನ್ನು ಕತ್ತರಿಸಿ ಮಾಡಿಸಿದ್ದು. ದರ್ಜಿ ಕೈಮುಗಿದುಬಿಟ್ಟ: "ಕಾಕಾರ, ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ್ರಿ. ಇದು ಕೋಟಲ್ಲ, ಹಾಸಿಗಿಗೆ ತೋಳು ಹಚ್ಚೀನಿ!" ಅಕಾಲದ ಜಿಟಿಜಿಟಿ ಮಳೆಗೆ ಅದು ನೀರು ಕುಡಿದು ಎಮ್ಮೆಯಷ್ಟು ಭಾರವಾಯಿತು. ಮರುದಿನದಿಂದ ಅದರ ಮೇಲೊಂದು ಗೊಬ್ಬರದ ಚೀಲ.

"ಆಟೋದಾಗ ಹೋಗಬಾರದೇನ್ ಕಾಕಾ?" ಎಂದೆ.

"ಆಟೋದಾಂವ ಮಂದಿ ತುಂಬೂತನಕ ಹೊಂಡಂಗಿಲ್ಲ. ಅಷ್ಟ್ರಾಗ ನಿಮ್ಮ ಕಾಕು ಎದ್ದಿರತಾಳ."

ಕಾಕು ಇದ್ದದ್ದು ಊರಿನ ಆ ತುದಿಯ ಆರೈಕೆ ಮನೆಯಲ್ಲಿ. ರಾತ್ರಿ ಅಲ್ಲಿ ಗಂಡಸರನ್ನು ಇರಗೊಡುವುದಿಲ್ಲ. ಅವಳಿಗೆ ನೆನಪು ಪೂರ್ತಿ ಹೋಗಿತ್ತು, ಅವನು ತನ್ನ ಗಂಡನೆಂಬುದೂ ಗೊತ್ತಿರಲಿಲ್ಲ. ಆದರೂ ಬೆಳಗಿನ ಚಹಾ ಅವನೇ ಕುಡಿಸಬೇಕು. ಕೈಗವಸಿನೊಳಗೆ ಆಗಷ್ಟೇ ಹುರಿದ ಶೇಂಗಾ ತುಂಬಿಕೊಳ್ಳುತ್ತಿದ್ದ ಅವನನ್ನು ನೋಡಿ ನಾನು ನಕ್ಕಾಗ, ಕಾಕಾ ನಗಲಿಲ್ಲ.

"ಕೈ ತಣ್ಣಗಿದ್ರ ಆಕಿ ಬೆಚ್ಚಿ ಮೂಲಿಗೆ ಸರೀತಾಳಪಾ. ಆಮ್ಯಾಲ ಸಂಜೀತನಕ ಹನಿ ನೀರೂ ಕುಡ್ಯಂಗಿಲ್ಲ."

ಅಂದರೆ ಇಷ್ಟೆಲ್ಲ ವೇಷ ಆ ಎರಡು ಕೈಗಳಿಗಾಗಿ! ಬಾಣಲೆಯಲ್ಲಿ ಉಳಿದ ಶೇಂಗಾವನ್ನು ನಾನೇ ಅವನ ಇನ್ನೊಂದು ಕೈಗವಸಿಗೆ ತುಂಬಿದೆ.

ಈ ಮಾಗಿಯಲ್ಲಿ ಒಂದು ಬೆಳಗು ಆರೈಕೆ ಮನೆಯಿಂದ ನನಗೆ ಫೋನ್ ಬಂತು. ಕಾಕು ನಿದ್ದೆಯಲ್ಲೇ ಹೋಗಿದ್ದಳು. ಕಾಕಾ ಆಗಲೇ ದಾರಿಯಲ್ಲಿದ್ದ. ನಾನು ಬೈಕಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅವನು ಮಂಚದ ತುದಿಗೆ ಕುಳಿತು ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಚಹಾ ಪಕ್ಕದಲ್ಲಿತ್ತು. ಅದು ಆರಿ ಕೆನೆಗಟ್ಟಿದರೂ ಅವನು ಕೈ ಬಿಡಲಿಲ್ಲ.

"ಸಾಕು ಬಿಡು, ಕಾಕಾ" ಎಂದೆ.

ಅವನು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದ.

"ನನ್ನ ಕೈನೂ ಆರಾಕತ್ತಾವ, ತಮ್ಮಾ. ನೀ ಒಂದೀಟು ಹಿಡಿ."

ಅಳುತ್ತಲೇ ಹಿಡಿದೆ.